ಆ ಇಪ್ಪತ್ತು ಎಲ್ಲಿಂದ ಬಂತು

ಹೆಬ್ಬೆರಳು, ಇನ್ನೊಂದು ಹೆಬ್ಬೆರಳು, ಮೊಬೈಲಿನ ತುಂಬ ಹಳದಿ ಹೆಬ್ಬೆರಳುಗಳೇ ಏಳುತ್ತಿವೆ, ಎಲ್ಲರಿಗೂ ಅರ್ಥ ಆಯ್ತಲ್ಲ ಅಂತ ಆನ್‌ಲೈನ್ ಕ್ಲಾಸಿನ ಮೇಡಂ ಕೇಳಿದ್ದೇ ತಡ — ಇವರಿಗೆಲ್ಲ ನಿಜಕ್ಕೂ ಅರ್ಥವಾಯಿತೋ, ತನ್ನ ಹಾಗೇ ಇವರೂ ಕೋಲೆಬಸವರೋ, ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಹೊದಿಕೆಗಳ ರಾಶಿಗೆ ಮೊಬೈಲು ಒರಗಿಸಿ ಕೂತ ಆಯಾಗೆ ನಗು ಬಂತು, ಸಿಟ್ಟೂ ಬಂತು, ಒಂಬತ್ತು ವರ್ಷ ನೆಲ ಒರೆಸಿದ್ದಾಯಿತು, ನಾಳೆಯ ಪರೀಕ್ಷೆ ಪಾಸಾದರೆ ನರ್ಸಿಂಗ್ ಸಹಾಯಕಿ, ಡ್ರಿಪ್ ತನ್ನ ಕೈಗೆ — ಅರ್ಧ ಲೀಟರು, ನಾಲ್ಕು ಗಂಟೆ, ನಿಮಿಷಕ್ಕೆ ನಲವತ್ತೆರಡು ತೊಟ್ಟು, ಉತ್ತರ ಗಿಣಿಪಾಠದಂತೆ ಬಾಯಲ್ಲಿದೆ, ಆದರೆ ಲೆಕ್ಕದ ನಡುವೆ ಬಂದು ಕೂತ ಆ ಇಪ್ಪತ್ತು ಯಾರ ಮನೆಯದು? ಯಾರನ್ನು ತಾನೇ ಕೇಳಿಲ್ಲ? ಕ್ಲಾಸಿನ ಗ್ರೂಪಿನಲ್ಲಿ ಎಲ್ಲರಿಗೂ ಉತ್ತರ ಹಂಚುವ ಬೃಹಸ್ಪತಿಯನ್ನು ಕೇಳಿದಳು, ಅಕ್ಕಾ ಕಳ್ಸಿದೀನಲ್ಲ, ಬರ್ಕೊಂಡ್ಬಿಡಿ, ಯಾಕೆ ಏನು ಅಂತೆಲ್ಲ ಬೇಡ, ಮೈದುನನನ್ನು ಕೇಳಿದಳು, ಅತ್ತಿಗೆ ಸೂತ್ರ ಇದೆಯಲ್ಲ, ಹಾಕಿ ಅಷ್ಟೇ, ಹೋದ ಪುಟ್ಟ ಬಂದ ಪುಟ್ಟ, ಕ್ಲಾಸಿನಲ್ಲೇ ಕೇಳೋಣವೆಂದು ಮೂರು ವಾರ ಕೈ ಎತ್ತಿದ್ದೇ ಎತ್ತಿದ್ದು, ರಟ್ಟೆ ಬಿದ್ದುಹೋಗುವಷ್ಟು, ಈ ಮೇಡಂಗೆ ಎಷ್ಟು ಗರ್ವ ಎಂದು ಮುನಿಸಿಕೊಂಡಿದ್ದಳು, ಆಮೇಲೆ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಮ್ಮಾ, ಕ್ಯಾಮೆರಾ ಆಫ್ ಮಾಡಿ ಕೈ ಎತ್ತಿದ್ರೆ ಯಾರಿಗಮ್ಮ ಕಾಣತ್ತೆ.

ನಗಲಿ ಬಿಡು, ಆದರೆ ಆರನೇ ಮಂಚದ ಅಜ್ಜಿ — ಅವತ್ತು ಡ್ರಿಪ್ ಸರಸರನೆ ಓಡಿ ಅಜ್ಜಿಗೆ ಏದುಸಿರು ಹತ್ತಿತು, ಸಿಸ್ಟರ್ ಓಡಿ ಬಂದು ನಿಲ್ಲಿಸಿದರು, ಕಿರುಚಿ ಕರೆದವಳು ಇವಳೇ, ಇನ್ನು ಮೇಲೆ ತೊಟ್ಟು ಹೆಚ್ಚುಕಡಿಮೆ ಮಾಡುವ ಆ ಚಕ್ರ ತಿರುಗಿಸುವ ಬೆರಳೂ ಇವಳದೇ, ನಕಲು ಮಾಡಿದ ನಲವತ್ತೆರಡನ್ನು ನಂಬಿ ಇನ್ನೊಬ್ಬರ ಉಸಿರಿನ ಮೇಲೆ ಕೈ ಇಡುವುದೇ, ಆಗದು, ಮಾನ ಹೋದರೆ ಹೋಗಲಿ, ಕೇಳಿಯೇ ಸೈ, ಮೈಕಿನ ಗುಂಡಿ ಒತ್ತಿದಳು, ಮೇಡಂ ನಂಗೆ ಅರ್ಥ ಆಗಿಲ್ಲ. ಯಾವ್ದಮ್ಮಾ? ಆ ಇಪ್ಪತ್ತು ಮೇಡಂ, ಎಲ್ಲಿಂದ ಬಂತು? ಅಷ್ಟರಲ್ಲಿ ಯಾರೋ ಕೆಮ್ಮಿ, ಮೇಡಂ ನಂಗೂ ಗೊತ್ತಿಲ್ಲ — ಅಯ್ಯೋ, ಬೃಹಸ್ಪತಿಯ ದನಿ! ಮೇಡಂ ನಕ್ಕರು, ಇದನ್ನ ಮೊದಲ್ನೇ ದಿನಾನೇ ಕೇಳ್ಬೇಕಿತ್ತು ನೀವೆಲ್ಲ, ಡ್ರಿಪ್ ಸೆಟ್ಟಿನ ಕವರ್ ಮೇಲೇ ಅಚ್ಚಾಗಿರತ್ತಮ್ಮ, ಒಂದು ಎಂಎಲ್‌ಗೆ ಎಷ್ಟು ತೊಟ್ಟು ಅಂತ, ಸೆಟ್ ಬದಲಾದ್ರೆ ಅದೂ ಬದಲಾಗಬಹುದು, ಓದಿ ನೋಡ್ಬೇಕು. ಕವರು, ಯಾವ ಕವರು — ಅದೇ ಕವರು, ದಿನಾ ವಾರ್ಡಿನ ನೆಲದಿಂದ ಹೆಕ್ಕಿ, ಮುದುರಿ, ಒಂಬತ್ತು ವರ್ಷ ಬುಟ್ಟಿಗಟ್ಟಲೆ ಈ ಕೈಯಾರೆ ಕಸಕ್ಕೆ ಸುರಿದ ಕವರು, ಈಗ ಕಣ್ಣಿಗೆ ಕಟ್ಟುತ್ತಿದೆ, ಅದರ ಮೂಲೆಯಲ್ಲಿ ಪುಟ್ಟದೊಂದು ಹನಿಯ ಚಿತ್ರ, ಪಕ್ಕದಲ್ಲಿ ಇಪ್ಪತ್ತು, ಇನ್ನೊಂದು ಕವರು, ಹನಿ, ಇಪ್ಪತ್ತು, ಇನ್ನೊಂದು, ಇಪ್ಪತ್ತು —