ಪಾಳಿಯಲ್ಲಿ ದಾನವ್ವನ ಕೊಡ

ನಮ್ಮ ಚಾಳಿನಲ್ಲಿ ಮನುಷ್ಯರಿಗಿಂತ ಕೊಡಗಳಿಗೆ ಮರ್ಯಾದೆ ಹೆಚ್ಚು. ಬೈಕುಲ್ಲಾದ ಆ ಹಳೇ ಚಾಳಿನ ಒಂಟಿ ಕೋಣೆಯ ಖೋಲಿಗಳಿಗೆಲ್ಲ ಅಂಗಳದಲ್ಲಿ ಒಂದೇ ನಳ. ನೀರು ಬರುವ ಮೊದಲೇ ಹೆಂಗಸರು ಕೊಡ ಇಟ್ಟು, ಮೇಲೆ ಹೋಗಿ ಒಲೆ ಹೊತ್ತಿಸುತ್ತಿದ್ದರು. ಕೊಡ ನಿಂತರೆ ಒಡತಿಯೇ ನಿಂತ ಲೆಕ್ಕ. ಯಾರ ಹಿಂದೆ ಯಾರು ಎಂಬುದು ವರ್ಷಗಳಿಂದ ಗೊತ್ತಾದ ಮಾತು. ಊರಿಗೆ ಹೋದವರ ಜಾಗದಲ್ಲಿ ಒಂದು ಕಲ್ಲು ಇಡುತ್ತಿದ್ದರು. ಒಡತಿ ಸತ್ತಾಗ ಮಾತ್ರ ಹಿಂದಿನ ಕೊಡ ಮುಂದೆ ಸರಿಯುತ್ತಿತ್ತು.

ಪಾಳಿಯ ಮೊದಲ ಕೊಡ ದಾನವ್ವನದು. ನೆಗ್ಗಿದ ತಾಮ್ರದ ಕೊಡ. ಗಂಡ ಖಂಡಪ್ಪ ಮಿಲ್ಲಿನಲ್ಲಿ ದುಡಿದು ತೀರಿಕೊಂಡ ಮೇಲೆ ಈ ಮುದುಕಿ ನಾಲ್ಕಾರು ಒಂಟಿ ಗಂಡಸರಿಗೆ ರೊಟ್ಟಿ ಬಡಿದುಕೊಟ್ಟು ಬದುಕಿದ್ದಳು. ಮಕ್ಕಳಿಲ್ಲ. ಆದರೆ ನಳದ ಹತ್ತಿರ ಅವಳೇ ಜಡ್ಜ್. ಯಾರ ಪಾಳಿ, ಯಾರ ಕಳ್ಳಾಟ, ಯಾರ ಮನೆಯ ಕೂಸಿಗೆ ಜ್ವರ, ಯಾರಿಗೆ ಒಂದು ಕೊಡ ಮೊದಲು ಬಿಡಬೇಕು, ಎಲ್ಲ ಅವಳ ಬಾಯಲ್ಲಿ ತೀರ್ಮಾನವಾಗುತ್ತಿತ್ತು. ಅವಳ ಹಿಂದಿನ ಕೊಡ ಶರಣವ್ವನದು. ಇಬ್ಬರೂ ಹಾವು ಮುಂಗುಸಿ. ದಿನಕ್ಕೊಂದು ಸಲ ಕಚ್ಚಾಡದಿದ್ದರೆ ಇಬ್ಬರಿಗೂ ಉಂಡ ಅನ್ನ ಕರಗುತ್ತಿರಲಿಲ್ಲ.

ಯುದ್ಧ ಮುಗಿದಿದ್ದರೂ, ವಿಮಾನದಾಳಿಯ ಭಯಕ್ಕೆ ಕಿಟಕಿಗೆ ಹಚ್ಚಿದ್ದ ಕರಿ ಕಾಗದ ಇನ್ನೂ ಕಿತ್ತಿರಲಿಲ್ಲ. ಒಂದು ಬೆಳಿಗ್ಗೆ ದಾನವ್ವ ನಳದ ಹಾಸುಗಲ್ಲಿನ ಮೇಲೆ ಜಾರಿ ಬಿದ್ದಳು. ನನ್ನ ಗಂಡ ಸಿದ್ದಲಿಂಗಪ್ಪ ಟ್ಯಾಕ್ಸಿ ಮಾಡಿಕೊಂಡು ದವಾಖಾನೆಗೆ ಒಯ್ದರು. ಕ್ಯಾಜುವಲ್ಟಿಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿ, ಭಾರ ಎತ್ತಬಾರದು ಎಂದು ಹೇಳಿ ಸಂಜೆಗೇ ಮನೆಗೆ ಕಳಿಸಿದರು.

ಇನ್ನು ನಮ್ಮ ಗದಿಗೆಪ್ಪಣ್ಣ. ಚಾಳಿನ ಹಿರಿಯ, ಒಳ್ಳೆಯವನು. ಒಳ್ಳೆಯವರ ಕಾಟ ತಡೆಯುವುದು ಬಹಳ ಕಷ್ಟ.

"ಇವತ್ತಿನಿಂದ ದಾನವ್ವಾಯಿ ಒಂದು ಕಡ್ಡೀನೂ ಎತ್ತಬಾರ್ದು. ನೀರು ನಾವು ತುಂಬೂದು, ಊಟ ಬಾಜು ಖೋಲಿ ರುಕ್ಮಿಣಿಬಾಯಿ ಕಳಸೂದು. ಆಕಿ ನಳಕ್ಕ ಬರೂದ ಬ್ಯಾಡ. ಆಕಿ ಕೊಡ ಮ್ಯಾಲ ಒಯ್ದು ಖೋಲಿಯೊಳಗ ಇಡ್ರಿ" ಎಂದು ನಳದ ಮುಂದೆ ನಿಂತು ಸಾರಿಬಿಟ್ಟ.

ಎಲ್ಲರೂ ತಲೆದೂಗಿದರು. ಕೊಡ ಮೇಲೆ ಹೋಯಿತು. ಜಾಗದಲ್ಲಿ ಕಲ್ಲು ಇಡಬೇಕೆಂದು ಯಾರಿಗೂ ತೋಚಲಿಲ್ಲ. ಶರಣವ್ವನ ಕೊಡ ಮುಂದೆ ಸರಿಯಿತು.

ಒಬ್ಬರು ನೀರು ತಂದು ಬಾಗಿಲಲ್ಲಿ ಇಟ್ಟು ಓಡಿದರು, ಇನ್ನೊಬ್ಬರು ತಾಟು ಇಟ್ಟು ಓಡಿದರು. ಎಲ್ಲರಿಗೂ ಅವಸರ, ಮಿಲ್ಲು, ಲೋಕಲ್ ರೈಲು, ಮಕ್ಕಳ ಶಾಲೆ. ರೊಟ್ಟಿಯ ಗಿರಾಕಿಗಳು ಬೇರೆ ಖಾನಾವಳಿ ಹಿಡಿದರು. ದಾನವ್ವನಿಗೆ ಯಾವುದಕ್ಕೂ ಕೊರತೆಯಿರಲಿಲ್ಲ. ಹಾಗಿದ್ದೂ ಮುದುಕಿ ಸೊರಗತೊಡಗಿದಳು.

ಒಂದು ದಿನ ಎದೆನೋವು ಅಂದಳು. ಗಾಬರಿಬಿದ್ದು ಕ್ಯಾಜುವಲ್ಟಿಗೆ ಒಯ್ದರೆ ಅಲ್ಲಿ ಯಾವ ಬೇನೆಯೂ ಇಲ್ಲ ಅಂದರು. ಮುಂದಿನ ವಾರ ಕಣ್ಣು ಕತ್ತಲೆ ಅಂದಳು. ಮತ್ತೆ ಅದೇ ದವಾಖಾನೆ, ಅದೇ ಉತ್ತರ. ಚಾಳಿನಲ್ಲಿ ಗುಸುಗುಸು ಹುಟ್ಟಿತು.

"ನಾಟಕ ಹೂಡ್ಯಾಳ ಮುದುಕಿ" ಅಂದರು ಒಬ್ಬರು.

ಗದಿಗೆಪ್ಪಣ್ಣ ಹಾಗೆ ಅನ್ನಲಿಲ್ಲ, ಅದಕ್ಕಿಂತ ದೊಡ್ಡ ಉಪಕಾರಕ್ಕೆ ಕೈ ಹಾಕಿದ. "ತವರೂರು ಇಂಡಿ ಕಡೆ ಆಕಿ ತಂಗಿ ಮಗಳು ಹನುಮವ್ವ ಅದಾಳಂತ. ಬರೂ ಐತವಾರ ರೈಲುಗಾಡಿಗೆ ಕೂಡಿಸಿ ಕಳಸೂಣು. ಅಲ್ಲಿ ಆರಾಮ ಇರ್ತಾಳ."

ಹನುಮವ್ವನನ್ನು ದಾನವ್ವ ನೋಡಿದ್ದು ಅವಳು ತೊಟ್ಟಿಲಲ್ಲಿದ್ದಾಗ. ಹೊಸ ಮದುಮಗಳಾಗಿ ಈ ಚಾಳಿಗೆ ಬಂದ ಮುದುಕಿಗೆ ಆ ತವರಿನಲ್ಲಿ ಮಣ್ಣಿನ ಗುರುತೂ ಉಳಿದಿರಲಿಲ್ಲ. ಅಲ್ಲಿಗೆ ಕಳಿಸಿದರೆ ಇವಳು ಬದುಕುವುದಿಲ್ಲ ಎಂದು ನನಗೆ ಗೊತ್ತಿತ್ತು.

ಆ ಶುಕ್ರವಾರ ಉಸಿರು ಹಿಡಿಯಿತು ಅಂದಳು. ಈ ಸಲ ಗಂಡಸರು ಯಾರೂ ಏಳಲಿಲ್ಲ. ನಾನೇ ಕರೆದುಕೊಂಡು ಹೋದೆ. ಟ್ಯಾಕ್ಸಿಯಲ್ಲಿ ಅವಳ ಏದುಸಿರು ಕೇಳಿ, ಬೇಗ ಓಡಿಸು ಎಂದು ಡ್ರೈವರನಿಗೆ ಹೇಳುತ್ತಲೇ ಇದ್ದೆ. ಬೆಂಚಿನ ಮೇಲೆ ಕೂರಿಸಿ, ಕೇಸ್ ಪೇಪರ್ ಮಾಡಿಸಿಕೊಂಡು ಬಂದು ನೋಡುತ್ತೇನೆ, ದಾನವ್ವ ಎದ್ದು ನಿಂತಿದ್ದಾಳೆ!

"ಏ ತಮ್ಮಾ, ಹಿಂದ ಸರಿ! ಆ ಹೆಣ್ಮಗಳು ನಿನಗಿಂತ ಮೊದಲ ಬಂದಾಳ. ಕೂಸಿನ ತಲಿಯಾಗಿಂದ ರಗತ ಸೋರಾಕತ್ತೈತಿ, ಕಣ್ಣ ಕಾಣ್ಸೂದಿಲ್ಲೇನು? ಅವ್ವಾ, ನೀ ಒಳಗ ಹೋಗ."

ಎದುರಿನವರಿಗೆ ಕನ್ನಡ ಬರುತ್ತಿರಲಿಲ್ಲ. ಆದರೆ ಪ್ಲಾಸ್ಟರಿನ ಕೈ ಬೀಸಿದ ಕಡೆ ಇಡೀ ಸಾಲು ಸರಿಯುತ್ತಿತ್ತು. ಉಸಿರು ಹಿಡಿದದ್ದು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಒಳಗಿನಿಂದ ಬಂದ ನರ್ಸಮ್ಮ, "ಕಾಯ್ ಝಾಲಂ ಆಜಿ?" ಎಂದು ಭುಜ ಮುಟ್ಟಿ, ಏನಾಯಿತು ಅಜ್ಜಿ ಅಂತ ಮರಾಠಿಯಲ್ಲಿ ಕೇಳಿದಾಗ ದಾನವ್ವನ ಮುಖ ಅರಳಿತು.

ಎಲ್ಲ ಮುಗಿದು ಹೊರಗೆ ಬಂದ ಮೇಲೆ ನಾನು ಸಿಟ್ಟಿನಿಂದಲೇ ಕೇಳಿದೆ. "ಖರೇ ಹೇಳ ಆಯಿ. ನಿನಗ ಉಸಿರು ಹಿಡದಿತ್ತೋ ಇಲ್ಲೋ?"

"ಹಿಡದಿತ್ತವ್ವಾ ರಾಚವ್ವಾ. ಆ ಖೋಲಿಯೊಳಗ ಕುಂತ್ರ ಹಿಡೀತೈತಿ. ಇಲ್ಲಿ ಬಂದ್ರ ಏನಾತಂತ ಕೇಳ್ತಾರ. ನೀವು ನೀರು ಇಟ್ಟು ಹೊಕ್ಕೀರಿ, ಕೂಳು ಇಟ್ಟು ಹೊಕ್ಕೀರಿ. ಪಿತೃಪಕ್ಷದಾಗ ಕಾಗಿಗೆ ಎಡಿ ಇಟ್ಟಂಗ." ಸೆರಗಿನಿಂದ ಮೂಗು ಒರೆಸಿಕೊಂಡಳು. "ನನ್ನ ಕೊಡ ತೆಗದ್ರಿ. ಜಾಗಾದಾಗ ಒಂದು ಕಲ್ಲರೆ ಇಡಬಾರ್ದಾ? ಹೋಗ್ಲಿ ಅಂತ ಬಿಟ್ಟೆ. ಮೊನ್ನೆ ಶರಣವ್ವ ಬಂದು, ಆರಾಮ ಅದೀಯಾ ಯಕ್ಕಾ ಅಂತ ಬೆಲ್ಲದಂಗ ಮಾತಾಡಿದ್ಲು. ಶರಣವ್ವ! ಆವಾಗ ತಿಳೀತು, ನಾ ಸತ್ತೇನಿ ಅಂತ."

ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ತಡೆಯದೆ ರಸ್ತೆಯಲ್ಲೇ ನಿಂತು ಅವಳನ್ನು ತಬ್ಬಿಕೊಂಡೆ.

ಮರುದಿನ ಬೆಳಿಗ್ಗೆ ಅವಳ ಕೊಡ ಇಳಿಸಿಕೊಂಡು ಬಂದು ಪಾಳಿಯ ಮೊದಲಿಗೆ ಇಟ್ಟೆ. ಪಕ್ಕದಲ್ಲಿ, ಒಣಗಿದ ಜಾಗ ನೋಡಿ ಒಂದು ಮಣೆಯನ್ನೂ ಹಾಕಿದೆ. ಗದಿಗೆಪ್ಪಣ್ಣ ಹಲ್ಲುಜ್ಜುತ್ತಿದ್ದವನು ಓಡಿಬಂದ.

"ರಾಚವ್ವಾ, ಏನ್ ಹುಚ್ಚ ಇದು? ಡಾಕ್ಟರ್ ಏನ್ ಹೇಳ್ಯಾರ?"

"ಭಾರ ಎತ್ತಬ್ಯಾಡ ಅಂದಾರ್ರೀ ಅಣ್ಣಾ. ಬಾಯಿ ಮಾಡಬ್ಯಾಡ ಅಂದಿಲ್ಲ" ಎಂದೆ.

ದಾನವ್ವ ಮಾತ್ರ ಮೇಲಿನ ಗ್ಯಾಲರಿಯ ಕಟಕಟೆ ಹಿಡಿದು ನಿಂತಿದ್ದಳು. ಎಷ್ಟು ಕರೆದರೂ ಬರಲೊಲ್ಲಳು. "ಬ್ಯಾಡ ಬಿಡವಾ. ನಾಳೆ ಗಾಡಿಗೆ ಹೋಗಾಕಿಗೆ ಪಾಳಿ ಯಾಕ" ಎಂದಳು. ಆ ದನಿಯಲ್ಲಿ ಜೀವ ಇರಲಿಲ್ಲ. ಇಷ್ಟು ಮಾಡಿಯೂ ಕೈಮೀರಿತು ಅಂದುಕೊಂಡೆ.

ಅಷ್ಟರಲ್ಲಿ ಶರಣವ್ವ ಬಂದಳು. ಮೊದಲ ಜಾಗದಲ್ಲಿ ನಿಂತ ನೆಗ್ಗಿದ ಕೊಡವನ್ನು ನೋಡಿದಳು. ತಲೆಯೆತ್ತಿ ಗ್ಯಾಲರಿಯನ್ನು ನೋಡಿದಳು. ಆಮೇಲೆ ಬಗ್ಗಿ, ದಾನವ್ವನ ಕೊಡವನ್ನು ಎಳೆದು ಪಾಳಿಯ ತೀರ ಕೊನೆಗೆ ಒಯ್ದು ಕುಕ್ಕಿದಳು. ಅಂಗಳವೆಲ್ಲ ಖಣಲ್ ಎಂದಿತು.

"ಏ ಶರಣಿ!"

ಆ ಕೂಗಿಗೆ ಪಾರಿವಾಳಗಳು ಎದ್ದು ಹಾರಿದವು. "ಯಾರ ಕೊಡ ಮುಟ್ಟೀದಿ? ನಾ ಬದುಕಿದ್ದಾಗನ ನನ್ನ ಕೊಡ ಸರಸ್ತೀಯಾ? ನಿಂದರ, ಬಂದೆ!"

ಗೋಡೆ ಹಿಡಿದು, ಒಂದೊಂದೇ ಮೆಟ್ಟಿಲು, ಬೈಯುತ್ತಲೇ ಇಳಿದಳು ದಾನವ್ವ. ನಾನು ಹಿಂದೆ ಹಿಂದೆಯೇ ಇದ್ದೆ, ಆದರೆ ಕೈ ಹಿಡಿಯುವ ಧೈರ್ಯ ಮಾಡಲಿಲ್ಲ. ಮಣೆಯ ಮೇಲೆ ಕೂತವಳು ಶರಣವ್ವನ ವಂಶವನ್ನೆಲ್ಲ ಒಂದು ಸುತ್ತು ಹಾಕಿ ಬಂದಳು. ಶರಣವ್ವನೂ ಕಡಿಮೆಯಿಲ್ಲ, ಒಂದಕ್ಕೆ ಎರಡು ಕೊಟ್ಟಳು. ಕೊಡ ಮತ್ತೆ ಮೊದಲಿಗೆ ಬಂತು. ನಡುವೆಯೇ ದಾನವ್ವ ಪಾಳಿಯ ಹಿಂದೆ ನಿಂತಿದ್ದ ಸೋಮವ್ವನ ಕಡೆ ತಿರುಗಿ, "ನಿನ್ನ ಸೊಸಿ ಬಾಣಂತಿ ಅಲ್ಲೇನು? ನನ್ನ ಹಿಂದ ನೀ ಹಿಡಕೊ" ಎಂದು ತೀರ್ಪು ಕೊಟ್ಟಳು. ಗದಿಗೆಪ್ಪಣ್ಣ ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದ. ಗಾಡಿಯ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನೀರು ಬಂತು. ದಾನವ್ವನ ಕೊಡ ತುಂಬಿತು. ಅವಳು ಒಳ್ಳೆಯ ಕೈ ಚಾಚುವಷ್ಟರಲ್ಲಿ ಶರಣವ್ವ ಅದನ್ನು ಎತ್ತಿ ಟೊಂಕದ ಮೇಲೆ ಇಟ್ಟುಕೊಂಡು, "ಮುದಿ ಗೂಬಿ, ಸಾಯಾಕೂ ಪಾಳಿ ಬಿಟ್ಟುಕೊಡೂದಿಲ್ಲ" ಎಂದು ಬೈಯುತ್ತಾ ಮೆಟ್ಟಿಲು ಹತ್ತಿದಳು. ತಿರುವಿನಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನಾನು ಕೆಳಗಿನಿಂದ ನೋಡಿದೆ.