ಟೈಟಲ್‌ನ ನಾಲ್ಕನೇ ಸಾಲು

ಮೆಟ್ರೋ ಹೋತು, ಕಿಟಕಿ ಗಾಜು ಜುಮ್ ಅಂತು, ಪರದೆ ಮ್ಯಾಲಿನ ಬಂಗಾರದ ಅಕ್ಷರ ಮಾತ್ರ ಅಳ್ಳಾಡಲಿಲ್ಲ, ಮೂರು ವಾರ ಕುಂತು ಮಾಡಿದ್ದು ಸುವರ್ಣಾ, ಸುಮ್ನ ಅಲ್ಲ — ಹೆಣ್ಣಿನ ಕಡಿಯವರ ಮದುವಿ ವಿಡಿಯೋಕ್ಕ ಟೈಟಲ್ ಟೆಂಪ್ಲೇಟ್, ಕೂಕಟ್‌ಪಲ್ಲಿಯ ಈ ಸ್ಟುಡಿಯೋದಾಗ ಒಮ್ಮೆ ಕಟ್ಟಿಟ್ರ ಯಾವ ವಿಡಿಯೋ ಅಂಗಡಿಯವರಾದ್ರೂ ಹೆಸರು ಬದಲಿ ಮಾಡ್ಕೋಬಹುದು, ಬಣ್ಣ ಬದಲಿಸಬಹುದು, ಅಕ್ಷರ ಹಿಗ್ಗಿಸಬಹುದು ಕುಗ್ಗಿಸಬಹುದು, ನಾಲ್ಕು ಸಾಲು, ವರ, ವಧು, ವಧುವಿನ ತಂದಿ, ವಧುವಿನ ತಾಯಿ, ಅಷ್ಟ. ಆ ನಾಲ್ಕನೇ ಸಾಲಿನಾಗ ತಪ್ಪಾತು, ತಪ್ಪು ಆಕೀದ, ಅಕ್ಷರ ಹ್ಯಾಂಗ ಕುಂದರ್ತಾವ ನೋಡೂಣು ಅಂತ ತನ್ನ ಅವ್ವನ ಹೆಸರು, ಗೋದಾವರಿ, ಬರದು ನೋಡಿದ್ಲು, ಅಳಿಸೂದು ಮರತು ಕಳಿಸಿಬಿಟ್ಲು, ಪಟಾನ್‌ಚೆರು ಅಂಗಡಿಯವರಿಗೆ ಕನ್ನಡ ಓದಾಕ ಬರೂದಿಲ್ಲ, ಗಿರಾಕಿ ವಾಟ್ಸ್ಯಾಪಿನಾಗ ಮೂರ ಹೆಸರು ಕಳಿಸಿದ್ರು, ಮೂರು ಸಾಲು ತುಂಬಿದ್ರು, ನಾಲ್ಕನೇದು ಇದ್ದಾಂಗ ಉಳೀತು. ಗಿರಾಕಿ ಬೀದರ ಕಡಿ ಮಂದಿ, ಮನಿ ತುಂಬ ಬೀಗರು, ದೊಡ್ಡ ಟಿವಿ ಮ್ಯಾಲ ವಿಡಿಯೋ, ಹುಡುಗಿ ತಂದಿ ಶಾಂತಪ್ಪ, ಶಾಂತಪ್ಪನ ಹೆಸರಿನ ಕೆಳಗ ಗೋದಾವರಿ, ಆತನ ಹೆಂಡ್ತಿ ಶಾರದಾಬಾಯಿ ಎದ್ದು ನಿಂತು ಕೇಳಿದ್ಲಂತ, ಯಾರ್ರೀ ಈ ಗೋದಾವರಿ, ಯಾವಾಗಿಂದ ನಡದೈತ್ರೀ ಇದು — ಅಯ್ಯ ಶಿವನ, ನಗಬಾರದು, ನಗು ಬರ್ತೈತಿ. ಬೆನ್ನ ಹಿಂದ ಮಾಲಕ ಶಿವಪ್ರಕಾಶ, ಆ ಸಾಲು ಕಿತ್ತ ಒಗಿ ಸುವರ್ಣಾ, ಯಾರು ಕೇಳಿದ್ರು ಅದನ್ನ, ಹನ್ನೆರಡಕ್ಕ ಎಲ್ಲಾ ಅಂಗಡಿಗೂ ಹೊಸಾದು ಹೋಗ್ಬೇಕು, ಇಲ್ಲಂದ್ರ ನಾಳಿಂದ ಈ ಕುರ್ಚಿ ಮ್ಯಾಲ ಬ್ಯಾರೆಯವರು ಕುಂದರ್ತಾರ. ತಪ್ಪಾತ್ರಿ ಸರ, ಹೆಸರು ತಗೀತೀನಿ, ಸಾಲು ತಗಿಯಂಗಿಲ್ಲ. ತಗಿಯಂಗಿಲ್ಲ ಅಂದ್ರ? ತಗಿಯಂಗಿಲ್ಲರಿ.

ಎಲ್ಲಿಂದ ಬಂತು ಈ ಧೈರ್ಯ, ಅವತ್ತು ಎಲ್ಲಿ ಹೋಗಿತ್ತು, ತಂಗಿ ಪಿಂಕಿ ಲಗ್ನಪತ್ರಿಕಿ ಅಚ್ಚಿಗೆ ಕೊಡಾಕ ನಾಂಪಲ್ಲಿಗೆ ಹೋದಾಗ ಕಲ್ಲೇಶ ಕಾಕಾ ಪೆನ್ನು ತಗೊಂಡು ಅವ್ವನ ಹೆಸರು ಹೊಡದು ಹಾಕಿದ, ಗಂಡ ಸತ್ತಾಕಿ ಹೆಸರು ಮಂಗಳಕಾರ್ಯದಾಗ ಬರಬಾರದವಾ, ನನ್ನ ಹೆಸರು ಹಾಕ್ರಿ — ಪಿಂಕಿ ಓದಿಗೆ, ಸೀರಿಗೆ, ಊಟಕ್ಕ ಹೊಲಿಗಿ ಮಷೀನು ತುಳದಾಕಿ ಅವ್ವ, ಪತ್ರಿಕಿ ಮ್ಯಾಲ ಕಾಕಾ, ಅವ್ವ ಅದನ್ನ ಕೈಯಾಗ ಹಿಡದು ಅಕ್ಷರ ಭಾಳ ಛಂದ ಬಂದಾವ ಅಂದ್ಲು, ಸುವರ್ಣಾ ಬಾಯಿ ಮುಚ್ಕೊಂಡು ಕುಂತಿದ್ಲು. ಸರಿ, ಅವ್ವನ್ನ ಬಿಡ್ರಿ, ಶಾರದಾಬಾಯಿಗೆ ಏನಾಗೈತಿ, ಗಂಡ ಪಕ್ಕದಾಗ ಕುಂತಾನ, ಕೊರಳಾಗ ತಾಳಿ ಐತಿ, ಆಕಿ ಹೆಸರು ಯಾಕ ಬರಲಿಲ್ಲ ಆ ವಾಟ್ಸ್ಯಾಪಿನಾಗ, ಗೋದಾವರಿ ಯಾರು ಅಂತ ಮನಿ ಮಂದಿ ಎಲ್ಲಾ ಕೇಳಿದ್ರು, ಶಾರದಾಬಾಯಿ ಎಲ್ಲಿ ಅಂತ ಒಬ್ಬರರ ಕೇಳಿದ್ರೇನು? ಬೆರಳು ನಡೀತಾವ, ಗೋ, ದಾ, ವ, ರಿ, ಒಂದೊಂದ ಅಕ್ಷರ ಹೋತು, ತಡಿ ಅವ್ವಾ, ನಿನ್ನ ಜಾಗ ಇದಲ್ಲ, ಇಲ್ಲಿ ಆಕೀನ ಬರ್ಲಿ — ಬಣ್ಣ ಅವರ ಕೈಯಾಗ ಬಿಟ್ಲು, ಗಾತ್ರ ಬಿಟ್ಲು, ಎಡಕ್ಕ ಬಲಕ್ಕ ಸರಸೂದು ಬಿಟ್ಲು, ಸಾಲು ಮುಚ್ಚಿಡೂ ಗುಂಡಿ ಮಾತ್ರ ಕೊಡಲಿಲ್ಲ, ಖಾಲಿ ಬಿಟ್ರ ಕೆಂಪು ಅಕ್ಷರ ಬರಬೇಕು, ಕನ್ನಡದಾಗ, ಕೆಳಗ ತೆಲುಗಿನಾಗ, ಅಳಿಸಿದ್ರ ಮತ್ತ ಬರಬೇಕು. ಗಿರಾಕಿ ಓಡಿ ಹೋಗ್ತಾರ ಸುವರ್ಣಾ. ಹೋಗ್ಲಿ ಬಿಡ್ರಿ ಸರ. ಕುರ್ಚಿನೂ ಹೋಗ್ಲಿ. ಹನ್ನೊಂದು ಐವತ್ತೆರಡಕ್ಕ ಎಲ್ಲಾ ಅಂಗಡಿಗೂ ಕಳಿಸಿದ್ಲು, ಫೋನ್ ಬಂತು, ಪಟಾನ್‌ಚೆರು, ಮೇಡಂ, ಈ ಕೆಂಪು ಸಾಲು ತಗಿಯೂದು ಹ್ಯಾಂಗ? ಹೆಸರು ಬರದ್ರ ಹೋಗ್ತೈತಿ. ಹೆಸರು ಕೊಟ್ಟಿಲ್ಲ ಮೇಡಂ. ಕೇಳ್ರಿ. ಯಾರನ್ನ ಕೇಳೂದು, ಶಾಂತಪ್ಪ ಫೋನ್ ಎತ್ತೂದಿಲ್ಲ. ಆಕೀನ್ನ ಕೇಳ್ರಿ. ಫೋನ್ ಇಟ್ಲು, ಪರದೆ ಮ್ಯಾಲ ಕೆಂಪು ಅಕ್ಷರ, ತಾಯಿಯ ಹೆಸರು ಬರೀರಿ, ಕೆಂಪು, ತಾಯಿಯ ಹೆಸರು ಬರೀರಿ, ತಾಯಿಯ ಹೆಸರು