ಕೆಮ್ಮು ನುಂಗಿ ಪಾಸಾದವಳು

"ಯಾವಳೇ ಅವಳು ಕೆಮ್ಮಿದ್ದು?"

ಮೇಸ್ತ್ರಿಯ ಕೂಗು ಯಂತ್ರಗಳ ಸದ್ದನ್ನು ಸೀಳಿಕೊಂಡು ಬಂತು. ಹತ್ತಿ ಬಿಡಿಸುವ ಕೋಣೆಯಲ್ಲಿದ್ದ ಹೆಂಗಸರೆಲ್ಲ ಒಟ್ಟಿಗೇ ಉಸಿರು ಬಿಗಿಹಿಡಿದು ತಲೆ ತಗ್ಗಿಸಿದೆವು. ಹತ್ತಿಯ ಧೂಳು ಮಾತ್ರ ಕಿಟಕಿಯ ಬೆಳಕಿನಲ್ಲಿ ಆರಾಮವಾಗಿ ತೇಲುತ್ತಿತ್ತು. ಅಲ್ಲಿ ಮೇಸ್ತ್ರಿಗೆ ಹೆದರದಿದ್ದದ್ದು ಅದೊಂದೇ.

"ಬಾಯಿಗೇನು ಬೆಣೆ ಹೊಡ್ಕೊಂಡಿದ್ದೀರಾ, ಬೇವರ್ಸಿ ಮುಂಡೇರಾ? ಕೆಮ್ಮೋರು ನಾಳೆಯಿಂದ ಬರಬೇಡಿ. ಗೇಟಿನ ಹತ್ರ ಬೇಕಾದಷ್ಟು ಜನ ನಿಂತಿದ್ದಾರೆ."

ಕೆಮ್ಮಿದವಳು ನಾನೇ. ಆದರೆ ಸಿಕ್ಕಿಬೀಳಲಿಲ್ಲ. ಕೆಮ್ಮು ನುಂಗುವುದರಲ್ಲಿ ನಾನು ಪಳಗಿದ ಕೈ. ಅವತ್ತು ಒಂದು ತುಣುಕು ತಪ್ಪಿಸಿಕೊಂಡಿತ್ತು, ಅಷ್ಟೇ. ನಾಲಿಗೆಯನ್ನು ಅಂಗುಳಕ್ಕೆ ಒತ್ತಬೇಕು, ಹೊಟ್ಟೆಯನ್ನು ಒಳಗೆಳೆದುಕೊಳ್ಳಬೇಕು, ಕಣ್ಣಲ್ಲಿ ನೀರು ಬಂದರೆ ಬೆವರು ಒರೆಸಿದ ಹಾಗೆ ಒರೆಸಿಕೊಳ್ಳಬೇಕು. ಈ ವಿದ್ಯೆ ಕಲಿಸಿದ್ದು ಅಮ್ಮ. ಅವಳೂ ಇದೇ ಕೋಣೆಯಲ್ಲಿದ್ದಳು. ಒಂದು ದಿನ ನುಂಗಲಾಗದೆ ಸಿಕ್ಕಿಬಿದ್ದಳು. ಅಂದಿನಿಂದ ಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದಾಳೆ, ಮಲಗಿದರೆ ಉಸಿರು ಕಟ್ಟುತ್ತದೆ. ಕೆಮ್ಮು ನುಂಗುವ ಸ್ಪರ್ಧೆ ಅಂತ ಒಂದಿದ್ದಿದ್ದರೆ ಚಿನ್ನದ ಪದಕ ನಮ್ಮ ಮನೆ ಬಿಟ್ಟು ಕದಲುತ್ತಿರಲಿಲ್ಲ.

ಗ್ರಹಚಾರಕ್ಕೆ ನನಗೆ ಬರುವ ಇನ್ನೊಂದು ವಿದ್ಯೆ ಓಟ. ಹತ್ತು ಮೆಟ್ಟಿಲು ಹತ್ತಿದರೆ ಎದೆಯಲ್ಲಿ ಸೀಟಿ ಊದುವವಳಿಗೆ ದೇವರು ದೂರದ ಓಟದ ಕಾಲು ಕೊಟ್ಟಿದ್ದಾನೆ. ಅವನಿಗೂ ಬೇಜಾರು ಕಳೆಯಬೇಕಲ್ಲ. ಆ ಸೀಟಿಯ ದೆಸೆಯಿಂದ ಗಿರಣಿಯಲ್ಲಿ ನನ್ನ ಹೆಸರು ಪೀಪಿ. ಮೈದಾನದಲ್ಲೂ ಅದೇ ಉಳಿಯಿತು. ಗಿರಣಿಯ ಕ್ರೀಡಾ ಸಂಘದ ಬನಿಯನ್ ತೊಟ್ಟು ಓಡುತ್ತಿದ್ದೆ. ಎದೆಯ ಮೇಲೆ ಗಿರಣಿಯ ಹೆಸರು, ಎದೆಯೊಳಗೆ ಗಿರಣಿಯ ಧೂಳು.

ಆ ಸಲದ ಆಯ್ಕೆ ಓಟದಲ್ಲಿ ಗೆದ್ದವಳಿಗೆ ಅಂಚೆ ಇಲಾಖೆಯಲ್ಲಿ ಕಾಯಂ ಕೆಲಸ ಅಂತ ಗೊತ್ತಾಯಿತು. ಬೀದಿ ಬೀದಿ ಸುತ್ತಿ ಕಾಗದ ಹಂಚುವ ಕೆಲಸ. ಬಯಲ ಗಾಳಿ ಕುಡಿಯುವುದಕ್ಕೆ ಸಂಬಳ ಬೇರೆ ಕೊಡುತ್ತಾರಂತೆ! ಅಮ್ಮನಿಗೆ ಹೇಳಿದೆ. "ಹಾಗಾದ್ರೆ ನೀನು ಮಲಗಿಕೊಂಡು ಸಾಯಬಹುದು ಬಿಡು, ನನ್ನ ಥರ ಕೂತ್ಕೊಂಡಲ್ಲ," ಅಂದಳು. ಅವಳ ಆಶೀರ್ವಾದ ಯಾವಾಗಲೂ ಹೀಗೇ.

ಒಂದು ಬೆಳಗ್ಗೆ ಮೈದಾನದ ಅಂಚಿನಲ್ಲಿ ಮಾತ್ರೆ ಬಾಯಿಗೆ ಹಾಕಿಕೊಳ್ಳುವಾಗ ಓಟದ ಮೇಷ್ಟ್ರು ಕೈ ಹಿಡಿದರು.

"ಏನೇ ಅದು?"

"ಗಿರಣಿ ಕಾಂಪೌಂಡರ್ ಕೊಡೋದು ಸಾರ್. ಎಲ್ರೂ ತಗೋತೀವಿ. ಇಲ್ದಿದ್ರೆ ಉಸಿರೇ ಆಡಲ್ಲ."

ಮೇಷ್ಟ್ರು ಪೊಟ್ಟಣ ತಿರುಗಿಸಿ ಓದಿದರು. ಮುಖ ಬಿಳಿಚಿಕೊಂಡಿತು. "ಅಯ್ಯೋ ನಿನ್ನ ಮನೆ ಹಾಳಾಗ! ಓಟದಲ್ಲಿ ನಿಷೇಧ ಆಗಿರೋ ಮಾಲು ಕಣೇ ಇದು. ಅವತ್ತು ಉಚ್ಚೆ ಹಿಡಿದು ನೋಡ್ತಾರೆ. ಸಿಕ್ಕಿದ್ರೆ ವರ್ಷಗಟ್ಟಲೆ ಮೈದಾನಕ್ಕೆ ಕಾಲಿಡೋ ಹಾಗಿಲ್ಲ."

ಹೀಗೆ ನಾನು ಒಂದೇ ಬೆಳಗ್ಗೆ ರೋಗಿಯಿಂದ ಕಳ್ಳಿಯಾಗಿ ಬಡ್ತಿ ಪಡೆದೆ.

ದಾರಿಯೊಂದು ಇದೆ ಅಂದರು ಮೇಷ್ಟ್ರು. ಕಾಯಿಲೆ ನಿಜ ಅಂತ ಡಾಕ್ಟರು ಒಪ್ಪಿ ಬರೆದುಕೊಟ್ಟರೆ ವಿನಾಯಿತಿ ಸಿಗುತ್ತದೆ. ಆಗ ಮಾತ್ರೆ ನುಂಗಿ ಓಡಿದರೂ ತಪ್ಪಿಲ್ಲ. ಪಕ್ಕದಲ್ಲೇ ಕಾಲು ನೀವಿಕೊಳ್ಳುತ್ತಿದ್ದ ಗಿರಣಿ ಯಜಮಾನರ ಮಗಳು ತಲೆಯೆತ್ತಿದಳು. ಅವಳೂ ನಮ್ಮ ಸಂಘದ ಓಟಗಾರ್ತಿ, ನಾವೆಲ್ಲ ಚಿಕ್ಕ ಯಜಮಾನಿ ಅನ್ನುತ್ತಿದ್ದೆವು.

"ಅದು ನನಗೂ ಇದೆಯಲ್ಲ! ಪಪ್ಪ ಫೋನ್ ಮಾಡಿದ್ರು, ಬಂತು. ನಾನು ಹೋಗಲೂ ಇಲ್ಲ."

"ನಿಮಗೇನಮ್ಮಾ ಕಾಯಿಲೆ?"

"ಜೋರಾಗಿ ಓಡಿದ್ರೆ ಏದುಸಿರು ಬರುತ್ತೆ."

"ಅಯ್ಯೋ ಪಾಪ," ಅಂದೆ. ಕುಹಕಕ್ಕಲ್ಲ, ನಿಜವಾಗಿಯೇ ಅಂದೆ. ನನ್ನ ಹಾಳು ಬುದ್ಧಿಗೆ ಏನು ಹೇಳಲಿ!

ಆಸ್ಪತ್ರೆಗೆ ಹೋಗುವ ದಿನ ತಲೆಗೆ ನೀರು ಹಾಕಿಕೊಂಡೆ. ಪಕ್ಕದ ಮನೆಯ ಅಕ್ಕನ ಒಳ್ಳೆಯ ಬಟ್ಟೆ ಕೇಳಿ ಉಟ್ಟುಕೊಂಡೆ. ಹೊರಡುವ ಮುಂಚೆ ಒಂದರ ಜಾಗದಲ್ಲಿ ಎರಡು ಮಾತ್ರೆ ನುಂಗಿದೆ. ಅಷ್ಟು ದೊಡ್ಡ ಡಾಕ್ಟರ ಮುಂದೆ ಕೆಮ್ಮುವುದುಂಟೇ? ಅಮ್ಮನೂ ಗೋಡೆ ಹಿಡಿದು ಬಾಗಿಲ ತನಕ ಬಂದು, "ಅಲ್ಲಿ ಕೆಮ್ಮಿ ಮಾನ ಕಳೀಬೇಡ್ವೇ," ಅಂದಳು.

ವಿನಾಯಿತಿಯ ಡಾಕ್ಟರು ತಲೆಯೆತ್ತದೆ ಕೇಳಿದರು, "ಕೆಮ್ಮು ಇದೆಯಾ?"

"ಇಲ್ಲ ಸಾರ್, ಇಲ್ಲವೇ ಇಲ್ಲ."

"ಉಬ್ಬಸ?"

"ಛೇ ಛೇ."

ನಾಲಿಗೆ ತನ್ನಷ್ಟಕ್ಕೇ ಹೇಳಿಬಿಟ್ಟಿತು. ಗಿರಣಿಗೆ ಸೇರಿದ ದಿನದಿಂದ ಈ ಪ್ರಶ್ನೆಗೆ ಅದಕ್ಕೆ ಬೇರೆ ಉತ್ತರವೇ ಗೊತ್ತಿಲ್ಲ. ಡಾಕ್ಟರು ಒಂದು ಯಂತ್ರದ ಕೊಳವೆ ಕೈಗಿಟ್ಟು "ಊದು" ಅಂದರು. ಊದಿದೆ ನೋಡಿ! ಯಾವ ಪರೀಕ್ಷೆ ಇಟ್ಟರೂ ಅದು ಕೆಲಸಕ್ಕೆ ತೆಗೆದುಕೊಳ್ಳುವ ಪರೀಕ್ಷೆಯೇ ಅಂತ ನಮ್ಮಂಥವರ ಮೈಗೆ ಗೊತ್ತು. ಗಟ್ಟಿಮುಟ್ಟಾಗಿದ್ದೇನೆ ಅಂತ ತೋರಿಸಬೇಕು. ಕಣ್ಣುಗುಡ್ಡೆ ಹೊರಗೆ ಬರುವ ಹಾಗೆ ಊದಿದೆ.

"ಕುದುರೆ ಹಾಗಿದ್ದೀಯಲ್ಲ!" ಡಾಕ್ಟರು ನಕ್ಕರು. "ಮತ್ತೆ ಯಾಕೆ ಬಂದೆ? ಬಿಟ್ಟಿ ಔಷಧಿಗಾ? ಹೋಗು, ಹೋಗು."

ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ದಾರಿಯುದ್ದಕ್ಕೂ ನಗುತ್ತಾ ಬಂದೆ. "ಅಮ್ಮಾ, ಪಾಸು!" ಅಂತ ಬಾಗಿಲಲ್ಲೇ ಕೂಗಿದೆ. ಅಮ್ಮನೂ ಹಿಗ್ಗಿದಳು. ಮೈದಾನದಲ್ಲಿ ಮೇಷ್ಟ್ರು ಮಾತ್ರ ಹಣೆ ಹಣೆ ಚಚ್ಚಿಕೊಂಡರು.

"ಫೇಲಾಗಬೇಕಿತ್ತು ಕಣೇ ಕತ್ತೆ! ಕಾಯಿಲೆ ಇಲ್ಲ ಅಂತ ನೀನೇ ಹೇಳಿ ಬಂದಿದ್ದೀಯಲ್ಲೇ!"

ಡಾಕ್ಟರಿಗೆ ಕುದುರೆ, ಮೇಷ್ಟ್ರಿಗೆ ಕತ್ತೆ. ಎರಡೂ ಭಾರ ಹೊರುವ ಪ್ರಾಣಿಗಳೇ, ಬೇಜಾರು ಮಾಡಿಕೊಳ್ಳಲಿಲ್ಲ.

ಮೇಷ್ಟ್ರು ಯಾರ್ಯಾರದೋ ಕಾಲು ಹಿಡಿದು ಇನ್ನೊಂದು ಪರೀಕ್ಷೆಗೆ ಒಪ್ಪಿಸಿದರು. ಈ ಸಲ ಮಾತ್ರೆ ನುಂಗಬೇಡ, ಸುಳ್ಳು ಹೇಳಬೇಡ ಅಂತ ತಾಕೀತು ಮಾಡಿದರು. ನುಂಗಲಿಲ್ಲ. ಆದರೆ ಅದೇ ವಾರ ಯಂತ್ರ ಕೆಟ್ಟು ಗಿರಣಿ ಬಾಗಿಲು ಹಾಕಿತ್ತು. ಧೂಳಿಲ್ಲದೆ ಎದೆ ತಿಳಿಯಾಗಿತ್ತು. ಬೇಕಾದಾಗ ಬಾರದ ಆರೋಗ್ಯ ಅವತ್ತೇ ಬಂದು ವಕ್ಕರಿಸಿತ್ತು! ಊದಿದೆ, ಮತ್ತೆ ಕುದುರೆ.

"ಸಾರ್, ಗಿರಣಿ ಒಳಗೆ ಹೋದ್ರೆ ಬರುತ್ತೆ ಸಾರ್. ರಜ ಮುಗಿಸಿ ಹೋದ ದಿನವಂತೂ ಜೀವ ಹೋದ ಹಾಗಾಗುತ್ತೆ. ಓಟದ ಹಿಂದಿನ ದಿನದ ತನಕ ನಾನು ಅಲ್ಲೇ ದುಡೀಬೇಕು."

"ಹಾಗಾದ್ರೆ ಗಿರಣಿ ಕಾಯಿಲೆ ಗಿರಣೀಲೇ ಇಟ್ಕೋ. ನನ್ನ ಮುಂದೆ ಎಲ್ಲಿದೆ? ತಂದು ತೋರಿಸು, ಬರೆದುಕೊಡ್ತೀನಿ. ಕೂಲಿ ಮಾಡೋ ಮುಖಕ್ಕೆ ಪದಕ ಬೇರೆ ಕೇಡು. ಏಳು, ಆಚೆ ನಡಿ."

ಅಳು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಸಿಟ್ಟು ಡಾಕ್ಟರ ಮೇಲೆ ಅರ್ಧ, ಮೊದಲ ದಿನ ಹಲ್ಲು ಕಿರಿದು ಪಾಸಾಗಿ ಬಂದ ಈ ಮಹಾರಾಣಿಯ ಮೇಲೆ ಇನ್ನರ್ಧ.

ಗಿರಣಿ ಮತ್ತೆ ತೆರೆದ ದಿನ ಅಮ್ಮನ ದಿಂಬಿನ ಚೀಲ ತೆಗೆದುಕೊಂಡು ಹೋದೆ. ಕೆಲಸ ಬಿಡುವ ಹೊತ್ತಿಗೆ ಯಂತ್ರದ ಅಡಿಯ ಧೂಳನ್ನು ಗೋರಿ ಗೋರಿ ತುಂಬುತ್ತಿದ್ದೆ. ಪಕ್ಕದ ಯಂತ್ರದ ಚಿಕ್ಕಮ್ಮ ಬಗ್ಗಿ ನೋಡಿದಳು.

"ಏನಕ್ಕೇ ಅದು?"

"ಕಾಯಿಲೆ ತಂದು ತೋರಿಸು ಅಂದಿದ್ದಾರೆ ಡಾಕ್ಟರು."

ಚಿಕ್ಕಮ್ಮ ನಗಲಿಲ್ಲ. ತನ್ನ ಯಂತ್ರದ ಅಡಿಯಿಂದ ಎರಡು ಕೈಯಲ್ಲಿ ಬಾಚಿ ತಂದಳು. "ನನ್ನದೂ ಒಂದಿಷ್ಟು ತೋರಿಸಿಕೊಂಡು ಬಾರೇ," ಅಂದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಬಂದು ಹಾಕಿದರು. ಚೀಲ ಉಬ್ಬಿ ಒಳ್ಳೆಯ ದಿಂಬಾಯಿತು.

ಆಸ್ಪತ್ರೆಯ ಕಾವಲುಗಾರ ತಡೆದ. "ನಮ್ಮೋರೊಬ್ರು ಒಳಗೆ ಮಲಗಿದ್ದಾರಣ್ಣ, ತಲೆಗೆ ದಿಂಬು ಬೇಕಂತೆ," ಅಂದೆ. ಬಿಟ್ಟ.

ಡಾಕ್ಟರು ಒಬ್ಬರೇ ಚಹಾ ಕುಡಿಯುತ್ತಿದ್ದರು. "ಮತ್ತೆ ಬಂದೆಯಾ?"

"ತಂದಿದ್ದೀನಿ ಸಾರ್."

ಬಾಗಿಲ ಅಗುಳಿ ಹಾಕಿದೆ. ಫ್ಯಾನಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದೆ. ಚೀಲದ ಬಾಯಿ ಬಿಚ್ಚಿ, ಬಟ್ಟೆ ಕೊಡವುವ ಹಾಗೆ ಕೊಡವಿದೆ. ಮೇಜು, ಚಹಾ, ಗೋಡೆಯ ಮೇಲಿನ ಅವರ ಸರ್ಟಿಫಿಕೇಟು, ಎಲ್ಲ ಬೆಳ್ಳಗಾದವು.

"ಏಯ್! ಏನೇ ಇದು, ಹುಚ್ಚು ಮುಂಡೆ! ಯಾರ್ರೀ ಅಲ್ಲಿ..." ಬಾಯಿ ತೆರೆದದ್ದೇ ಅವರಿಗೆ ಮುಳುವಾಯಿತು. ಕೆಮ್ಮು ಶುರುವಾಯಿತು. ಕುರ್ಚಿ ಹಿಡಿದು ಬಗ್ಗಿ ಬಗ್ಗಿ ಕೆಮ್ಮಿದರು.

ನನ್ನ ಎದೆಯ ಸೀಟಿಯೂ ಎದ್ದಿತು. ನಾಲಿಗೆ ಅಭ್ಯಾಸಬಲದಿಂದ ಅಂಗುಳಕ್ಕೆ ಓಡಿತು. ಥೂ, ಬಾರೇ ಕೆಳಗೆ ಅಂದುಕೊಂಡೆ. ಹುಟ್ಟಿದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಕೆಮ್ಮಿದೆ. ನನ್ನದು, ಅಮ್ಮನದು, ಚಿಕ್ಕಮ್ಮನದು, ಎಲ್ಲ ಸೇರಿಸಿ ಕೆಮ್ಮಿದೆ. ಯಂತ್ರದ ಗುಂಡಿ ಒತ್ತಿ ಕೊಳವೆ ಬಾಯಿಗಿಟ್ಟೆ. ಎಷ್ಟು ಊದಿದರೂ ಅದರ ಪರದೆಯ ಮೇಲಿನ ಗೆರೆ ನೆಲ ಬಿಟ್ಟು ಏಳಲಿಲ್ಲ. ಕೊನೆಗೂ ಫೇಲು!

ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಬೂಟಿನಿಂದ ಒದೆಯುವ ಸದ್ದೂ ಬಂತು. ಡಾಕ್ಟರು ಕರ್ಚೀಫು ಒತ್ತಿಕೊಂಡು ಕೆಮ್ಮು ನುಂಗಲು ಒದ್ದಾಡುತ್ತಿದ್ದರು. ಪಾಪ, ಅವರಿಗೆ ಯಾರೂ ಕಲಿಸಿರಲಿಲ್ಲ.

ಕೊಳವೆಯನ್ನು ಬಟ್ಟೆಯಲ್ಲಿ ಒರೆಸಿ ಅವರ ಬಾಯಿಯ ಹತ್ತಿರ ಹಿಡಿದೆ.

"ನನ್ನದಾಯ್ತು ಸಾರ್. ಈಗ ನೀವು ಊದಿ."